ಎರಡು ಕಡ್ಡಿ, ಒಂದೆಳೆ ಉಣ್ಣೆ

ದಿಲ್ಲಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಚಳಿಯ ಮಾತನ್ನು ಹೇಳಿಕೊಡಬೇಕಾಗಿಲ್ಲ. ಚೆನ್ನೈಯಲ್ಲಿ ನೆಲೆಸಿದವರಿಗೆ ಹೇಳಿದರೂ ತಿಳಿಯುವುದಿಲ್ಲ. ಆದರೂ ಯಾವ ಊರಿನ ಕನ್ನಡ ಮನೆಯ ಟ್ರಂಕನ್ನು ತೆರೆದರೂ, ನುಸಿಗುಳಿಗೆಯ ವಾಸನೆಯ ನಡುವೆ, ಉಣ್ಣೆಯ ಒಂದು ಕುಲಾವಿಯೋ, ಕೂಸಿನ ಬೆರಳುದ್ದದ ಕಾಲುಚೀಲವೋ, ಮನೆಯ ಹಿರಿಯರು ತೊಡುತ್ತಿದ್ದ ತೋಳಿಲ್ಲದ ಸ್ವೆಟರೋ ಸಿಕ್ಕೇ ಸಿಗುತ್ತದೆ. ಅದನ್ನು ಹೆಣೆದವರು ಯಾರೆಂದು ಕೇಳಿದರೆ ಮನೆಯವರು ಸಂತೋಷದಿಂದ ಹೇಳುತ್ತಾರೆ. ಎಷ್ಟು ದಿನ ಹಿಡಿಯಿತೆಂದು ಕೇಳಿದರೆ ಮಾತ್ರ, "ಅಯ್ಯೋ, ಅದೇನು ಮಹಾ, ಬಿಡುವಿನಲ್ಲಿ ಹಾಕಿದ್ದು" ಎಂಬ ಉತ್ತರ ಬರುತ್ತದೆ. ಈ "ಬಿಡುವು" ಎಂಬ ಮಾತನ್ನು ನಾವು ಅಷ್ಟು ಸುಲಭವಾಗಿ ಒಪ್ಪಿಕೊಳ್ಳುವಂತಿಲ್ಲ. ಹೆಣಿಗೆಯ ಚರಿತ್ರೆಯ ಉದ್ದಕ್ಕೂ ಈ ಮಾತು ಬಹಳ ಜನರಿಗೆ ಲಾಭ ತಂದಿದೆ. ಹೆಣೆದವರಿಗೆ ಮಾತ್ರ ತಂದಿಲ್ಲ.

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಹದಿನಾಲ್ಕಾಣೆ ಪಾಲು ಗಂಡಸರಿಗೆ ಈ ಲೆಕ್ಕ ಗೊತ್ತಿರಲಾರದು. ಸಾಧಾರಣ ಮೈಕಟ್ಟಿನವರ ಸ್ವೆಟರಿನ ಮುಂಭಾಗ 20 ಅಂಗುಲ ಅಗಲ, 26 ಅಂಗುಲ ಉದ್ದ ಎಂದಿಟ್ಟುಕೊಳ್ಳಿ. ಅಂಗುಲಕ್ಕೆ ಐದೂವರೆ ಕುಣಿಕೆಯಂತೆ ಒಂದು ಸಾಲಿಗೆ 110 ಕುಣಿಕೆ. ಅಂಗುಲಕ್ಕೆ ಏಳು ಸಾಲಿನಂತೆ 182 ಸಾಲು. ಮುಂಭಾಗಕ್ಕೇ 20,000 ಕುಣಿಕೆಯಾಯಿತು. ಬೆನ್ನಿಗೆ ಅಷ್ಟೇ. ಎರಡು ತೋಳು, ಕುತ್ತಿಗೆಯ ಪಟ್ಟಿ ಸೇರಿದರೆ ಮೊತ್ತ 60,000ದ ಹತ್ತಿರ ಬರುತ್ತದೆ. ಕೈ ಪಳಗಿದವರು ನಿಮಿಷಕ್ಕೆ 30 ಕುಣಿಕೆ ಹಾಕಿದರೂ 2,000 ನಿಮಿಷ, ಎಂದರೆ 33 ಗಂಟೆ. ನಡುವೆ ತಪ್ಪಿ ಬಿಚ್ಚಿದ್ದು, ಅಳತೆ ನೋಡಿದ್ದು, ಹಾಲು ಉಕ್ಕಿತೆಂದು ಎದ್ದು ಓಡಿದ್ದು ಇದರಲ್ಲಿ ಸೇರಿಲ್ಲ. ದಿನಕ್ಕೆ ಎರಡು ಗಂಟೆ ಬಿಡುವು ಸಿಗುವ ಪುಣ್ಯವಂತ ಗೃಹಿಣಿಗೂ ಹದಿನಾರು ಹದಿನೇಳು ದಿನದ ಕೆಲಸ.

ಈ ಕೆಲಸ ನಮ್ಮ ನಾಡಿನಲ್ಲಿ ಹುಟ್ಟಿದ್ದಲ್ಲ. ಉಣ್ಣೆ ನಮಗೆ ಹಳೆಯದು, ಹೆಣಿಗೆ ಹೊಸದು. ಕನ್ನಡ ನಾಡಿನ ಉಣ್ಣೆಯೆಂದರೆ ಕಂಬಳಿ. ಚಳ್ಳಕೆರೆ, ಮೆಡ್ಲೇರಿಗಳಂಥ ಊರುಗಳಲ್ಲಿ ಕುರುಬರು ದಕ್ಖನ್ ಕುರಿಯ ಉಣ್ಣೆಯನ್ನು ಕತ್ತರಿಸಿ, ಹೆಂಗಸರು ನೂತು, ಗಂಡಸರು ಕುಣಿಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಸರಿ ಹಚ್ಚಿ ಗಟ್ಟಿ ಮಾಡುವ ಈ ಬಟ್ಟೆ ಮಳೆಯನ್ನು ತಡೆಯುತ್ತದೆ, ಹಾಸಿಗೆಯಾಗುತ್ತದೆ, ಮಲೆನಾಡಿನಲ್ಲಿ ತಲೆಯ ಮೇಲೆ ಕೊಪ್ಪೆಯಾಗುತ್ತದೆ, ಶುಭಕಾರ್ಯದಲ್ಲಿ ಗದ್ದುಗೆಯೂ ಆಗುತ್ತದೆ. ಆದರೆ ಅದು ನೆಯ್ಗೆ. ಹಾಸು ಬೇರೆ, ಹೊಕ್ಕು ಬೇರೆ. ಎರಡು ಎಳೆಗಳು ಅಡ್ಡಡ್ಡ ಹಾಯಬೇಕು, ಅದಕ್ಕೊಂದು ಮಗ್ಗ ಬೇಕು, ಮಗ್ಗಕ್ಕೊಂದು ಜಾಗ ಬೇಕು. ಹೆಣಿಗೆಯಲ್ಲಿ ಇರುವುದು ಒಂದೇ ಎಳೆ. ಅದೇ ಎಳೆ ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯಾಗಿ ಹೊರಬರುತ್ತಾ ಬಟ್ಟೆಯಾಗುತ್ತದೆ. ಆದ್ದರಿಂದಲೇ ಅದು ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ, ಮೈಗೆ ಅಂಟಿಕೊಂಡು ಬೆಚ್ಚಗಿಡುತ್ತದೆ. ಸೆರಗಿನಲ್ಲಿ ಸಿಕ್ಕಿಸಿಕೊಂಡು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಈ ಕೊನೆಯ ಗುಣವೇ ಅದರ ಭಾಗ್ಯವೂ ಹೌದು, ದೌರ್ಭಾಗ್ಯವೂ ಹೌದು. ಮಗ್ಗದ ಮುಂದೆ ಕುಳಿತವನನ್ನು ಜಗತ್ತು ನೇಕಾರನೆಂದು ಗುರುತಿಸಿತು. ನಡೆಯುತ್ತಾ, ಮಗುವನ್ನು ತೂಗುತ್ತಾ, ಮಾತಾಡುತ್ತಾ ಹೆಣೆಯುವವಳನ್ನು ಸುಮ್ಮನೆ ಕುಳಿತಿದ್ದಾಳೆಂದು ಎಣಿಸಿತು.

ಹೆಸರಿನಿಂದಲೂ ಇದು ನೆರೆಮನೆಯಿಂದ ಬಂದ ವಿದ್ಯೆಯೆಂಬುದು ತಿಳಿಯುತ್ತದೆ. ಉಣ್ಣೆಗೆ ದಿಲ್ಲಿಯಲ್ಲಿ "ಊನ್" ಎನ್ನುತ್ತೇವೆ, ಮುಂಬಯಿ ಪುಣೆಗಳಲ್ಲಿ "ಲೋಕರ್" ಎಂದು ಅಂಗಡಿಯವನನ್ನು ಕೇಳುತ್ತೇವೆ, ಹೈದರಾಬಾದಿನವರಿಗೆ "ಉನ್ನಿ", ಚೆನ್ನೈಯವರಿಗೆ "ಕಂಬಳಿ". ಮನೆಯೊಳಗೆ ಬಂದರೆ ಮಾತ್ರ ಇಂಗ್ಲಿಷಿನಿಂದ ಬಂದ "ಉಲ್ಲನ್". ಹೆಣಿಗೆಯ ಎರಡು ಮೂಲ ಕುಣಿಕೆಗಳು ಉತ್ತರದವರ ಬಾಯಲ್ಲಿ "ಸೀಧಾ-ಉಲ್ಟಾ", ಮರಾಠಿಯವರ ಬಾಯಲ್ಲಿ "ಸುಲಟ್-ಉಲಟ್". ಪಕ್ಕದ ಮನೆಯ ಪಂಜಾಬಿ ಬಹೆನ್‌ಜಿಯಿಂದಲೋ ಮರಾಠಿ ಕಾಕುವಿನಿಂದಲೋ ಕಲಿತವರು ಕಲಿಸಿದವರ ಭಾಷೆಯಲ್ಲೇ ಕುಣಿಕೆ ಎಣಿಸುತ್ತಾರೆ. ಮಗ್ಗಿಯನ್ನು ಕನ್ನಡದಲ್ಲೇ ಹೇಳುವವರೂ ಹೆಣಿಗೆಯ ಲೆಕ್ಕವನ್ನು ಹಿಂದಿಯಲ್ಲಿ ಹಾಕುವುದನ್ನು ನಾವು ಕಂಡಿದ್ದೇವೆ.

ಇನ್ನು ಮೂಲದ ಮಾತು. ಈಜಿಪ್ಟಿನ ಒಣ ಮರಳು ಬಟ್ಟೆಯನ್ನು ಕೊಳೆಯಗೊಡುವುದಿಲ್ಲ. ಹಾಗಾಗಿ ಹೆಣಿಗೆಯ ಹಳೆಯ ಗುರುತುಗಳು ಸಿಕ್ಕಿರುವುದೂ ಅಲ್ಲಿಯೇ. ಆಕ್ಸಿರಿಂಕಸ್ ಎಂಬಲ್ಲಿ ಅಗೆದಾಗ ಕೆಂಪು ಉಣ್ಣೆಯ ಒಂದು ಜೊತೆ ಕಾಲುಚೀಲ ದೊರೆಯಿತು. ಇಂದು ಅದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಸುಮಾರು 3ರಿಂದ 5ನೆಯ ಶತಮಾನದ್ದು. ಹೆಬ್ಬೆರಳಿಗೆ ಒಂದು ಮನೆ, ಉಳಿದ ನಾಲ್ಕು ಬೆರಳಿಗೆ ಒಂದು ಮನೆ; ಬಾರು ಹಾಯುವ ಚಪ್ಪಲಿ ಮೆಟ್ಟುವವರ ಕಾಲಿಗೆ ಮಾಡಿದ್ದು. ನಮ್ಮ ಹಿರಿಯರು ಚಪ್ಪಲಿಯೊಡನೆ ಕಾಲುಚೀಲ ತೊಟ್ಟಾಗ ನಗುವ ಹುಡುಗರು ಇದನ್ನು ನೆನಪಿಡಬೇಕು, ಇದಕ್ಕೆ ಒಂದೂವರೆ ಸಾವಿರ ವರ್ಷದ ಪರಂಪರೆಯಿದೆ! ಆದರೆ ಆ ಕಾಲುಚೀಲ ಒಂದೇ ಸೂಜಿಯಿಂದ, ತುಂಡು ತುಂಡು ದಾರದಿಂದ ಕಟ್ಟಿದ್ದು. ಇಂದಿನಂತೆ ಉದ್ದ ಕಡ್ಡಿಗಳಲ್ಲಿ ಹೆಣೆದ, ನೀಲಿ ಬಿಳಿ ಚಿತ್ತಾರದ ಹತ್ತಿಯ ಕಾಲುಚೀಲಗಳು ಅದೇ ಈಜಿಪ್ಟಿನಲ್ಲಿ ಇಸ್ಲಾಮಿ ಅರಸರ ಕಾಲದಲ್ಲಿ ಕಾಣಿಸಿಕೊಂಡವು. ಅಲ್ಲಿಂದ ಈ ವಿದ್ಯೆ ಸ್ಪೇನಿಗೆ, ಯೂರೋಪಿಗೆ ಹಬ್ಬಿತು. ಸುಮಾರು 1400ರ ಹೊತ್ತಿಗೆ ಜರ್ಮನಿಯ ಮಾಸ್ಟರ್ ಬರ್ಟ್ರಾಮ್ ಎಂಬ ಚಿತ್ರಕಾರನ ಕಡೆಯವರು ಬರೆದ ಪೂಜಾಪೀಠದ ಚಿತ್ರವೊಂದರಲ್ಲಿ ಮೇರಿಮಾತೆ ನಾಲ್ಕು ಕಡ್ಡಿಗಳನ್ನು ಹಿಡಿದು ಮಗನಿಗೆ ಹೊಲಿಗೆಯಿಲ್ಲದ ಅಂಗಿ ಹೆಣೆಯುತ್ತಿದ್ದಾಳೆ. ಅದನ್ನು ಹ್ಯಾಂಬರ್ಗಿನಲ್ಲಿ ಇಂದಿಗೂ ನೋಡಬಹುದು.

ಸೋಜಿಗವೆಂದರೆ, ಚಿತ್ರದಲ್ಲಿ ಹೆಣೆಯುವವಳು ಹೆಂಗಸಾದರೂ ಪೇಟೆಯಲ್ಲಿ ಹೆಣಿಗೆ ಗಂಡಸರ ಕಸುಬಾಗಿತ್ತು. ಯೂರೋಪಿನ ನಗರಗಳಲ್ಲಿ ಹೆಣಿಗೆಯವರ ಶ್ರೇಣಿಗಳಿದ್ದವು. ವರ್ಷಗಟ್ಟಲೆ ಗುರುವಿನ ಬಳಿ ಕಲಿತು, ಕಡೆಗೆ ಹೂಬಳ್ಳಿ ಪ್ರಾಣಿಪಕ್ಷಿಗಳ ಚಿತ್ತಾರವಿರುವ ದೊಡ್ಡದೊಂದು ಉಣ್ಣೆಯ ಜಮಖಾನೆಯನ್ನು ಹೆಣೆದು ತೋರಿಸಿದವನಿಗೆ ಮಾತ್ರ ಒಡೆಯನ ಪಟ್ಟ. ಸ್ಟ್ರಾಸ್‌ಬರ್ಗ್ ಕಡೆಯ ಅಂಥ ಜಮಖಾನೆಗಳು ವಸ್ತುಸಂಗ್ರಹಾಲಯಗಳಲ್ಲಿ ಉಳಿದಿವೆ. ಆಗ ಅದು ಕಸುಬು. ಅದಕ್ಕೆ ದರವಿತ್ತು, ಮರ್ಯಾದೆಯಿತ್ತು. 1589ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಕಡೆಯ ವಿಲಿಯಂ ಲೀ ಎಂಬ ಪಾದ್ರಿ ಕಾಲುಚೀಲ ಹೆಣೆಯುವ ಚೌಕಟ್ಟೊಂದನ್ನು ಕಂಡುಹಿಡಿದ. ಬಡ ಹೆಣಿಗೆಯವರ ಅನ್ನ ಹೋಗುತ್ತದೆಂದು ಎಲಿಜಬೆತ್ ರಾಣಿ ಅವನಿಗೆ ಹಕ್ಕುಪತ್ರ ಕೊಡಲಿಲ್ಲವೆಂಬ ಕಥೆಯಿದೆ. ಅವನು ಫ್ರಾನ್ಸಿಗೆ ಹೋಗಿ ಅಲ್ಲಿಯೇ ತೀರಿಕೊಂಡ. ಅವನ ಯಂತ್ರ ಮಾತ್ರ ಇಂಗ್ಲೆಂಡಿಗೆ ಮರಳಿ ಬಂದು ಬೆಳೆಯಿತು. 1811ರಲ್ಲಿ ಲಡ್ಡೈಟರೆಂಬವರು ನಾಟಿಂಗ್‌ಹ್ಯಾಮಿನಲ್ಲಿ ಒಡೆದುಹಾಕಿದ್ದು ಇದೇ ವಂಶದ ಯಂತ್ರಗಳನ್ನು. ಮರುವರ್ಷ ಯಂತ್ರ ಒಡೆದವರಿಗೆ ಮರಣದಂಡನೆಯ ಕಾನೂನು ಬಂದಾಗ ಕವಿ ಬೈರನ್ ಲಾರ್ಡ್ಸ್ ಸಭೆಯಲ್ಲಿ ಅದನ್ನು ವಿರೋಧಿಸಿ ಮಾತಾಡಿದ. ಅದು ದೊಡ್ಡ ಕಥೆ, ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಮಗೆ ಬೇಕಾದದ್ದು ಇಷ್ಟು: ಯಂತ್ರ ಬಂದ ಮೇಲೆ ದುಡ್ಡು ಬರುವ ಹೆಣಿಗೆ ಯಂತ್ರದ ಪಾಲಾಯಿತು, ಗಂಡಸರು ಅದರ ಹಿಂದೆ ಹೋದರು, ದುಡ್ಡು ಬಾರದ ಕೈಹೆಣಿಗೆ ಹೆಂಗಸರ ಮಡಿಲಿಗೆ ಬಿತ್ತು.

ಅದು ಹೇಗೆ ಬಿತ್ತೆಂಬುದಕ್ಕೆ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲೆಂಡ್ ದ್ವೀಪಗಳಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಮರವಿಲ್ಲದ, ಗಾಳಿ ಬಿಡದ ನಾಡು. ಗಂಡಸರು ಮೀನಿಗೆ ಹೋದರೆ ಹೊಲ, ಮನೆ, ದನ, ಕುರಿ ಎಲ್ಲ ಹೆಂಗಸರ ಮೇಲೆ. ಉರುವಲಿಗೆ ಜೌಗುನೆಲದಿಂದ ಅಗೆದ ಕಪ್ಪು ಹೆಂಟೆಗಳನ್ನು ಬುಟ್ಟಿಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಮೈಲಿಗಟ್ಟಲೆ ನಡೆಯುವಾಗಲೂ ಅವರ ಎರಡು ಕೈಗಳು ಹೆಣೆಯುತ್ತಲೇ ಇರುತ್ತಿದ್ದವು. ಇಂಥ ನೂರಾರು ಛಾಯಾಚಿತ್ರಗಳು ಉಳಿದಿವೆ. ಬೆನ್ನ ಮೇಲೆ ಹೊರೆ ಹೊತ್ತವಳ ಕೈ ಖಾಲಿಯಿದೆಯೆಂದು ಯಾರಿಗೆ ಹೊಳೆಯಿತೋ! ಅಲ್ಲಿಯ ಕುರಿಯ ಉಣ್ಣೆ ಬಹಳ ಮೃದು. ಅದರಿಂದ ಹೆಣೆದ ಜಾಲರಿ ಶಾಲು ಮದುವೆಯ ಉಂಗುರದೊಳಗಿಂದ ಹಾಯುವಷ್ಟು ನವುರು. ನಮ್ಮಲ್ಲಿ ಢಾಕಾದ ಮಸ್ಲಿನ್ನಿಗೆ ಹೇಳುವ ಮಾತನ್ನೇ ಅಲ್ಲಿ ಈ ಶಾಲಿಗೆ ಹೇಳುತ್ತಿದ್ದರು. ಲಂಡನ್ನಿನ ಸಿರಿವಂತೆಯರು ಹಂಬಲಿಸಿ ಹೊದೆಯುತ್ತಿದ್ದ ಶಾಲು ಅದು.

ಹೆಣೆದವಳಿಗೆ ಸಿಕ್ಕಿದ್ದು ಏನು? ಹಣವಲ್ಲ. ಲರ್ವಿಕ್ ಪೇಟೆಯ ವರ್ತಕರು ಶಾಲನ್ನು ತೆಗೆದುಕೊಂಡು ಅದರ ಬದಲಿಗೆ ತಮ್ಮ ಅಂಗಡಿಯ ಚಹಾಪುಡಿಯನ್ನೋ ಬಟ್ಟೆಯನ್ನೋ ಕೊಡುತ್ತಿದ್ದರು. ಊಟದ ಹಿಟ್ಟು ಬೇಕೆಂದರೂ ಇಲ್ಲ, ಮನೆಬಾಡಿಗೆಗೆ ನಾಲ್ಕು ಕಾಸು ಬೇಕೆಂದರೂ ಇಲ್ಲ. ಆಗ ಅವಳು ಆ ಚಹಾಪುಡಿಯನ್ನು ನೆರೆಹೊರೆಯವರಿಗೆ ಅಗ್ಗಕ್ಕೆ ಮಾರಿ ಹಿಟ್ಟು ಕೊಳ್ಳಬೇಕು. ದುಡಿಮೆಗೆ ಸಾಮಾನು ಕೊಡುವ ಈ ಪದ್ಧತಿಯನ್ನು ಬ್ರಿಟಿಷ್ ಸಂಸತ್ತು 1831ರಲ್ಲಿಯೇ ಅನೇಕ ಕಸುಬುಗಳಲ್ಲಿ ನಿಷೇಧಿಸಿತ್ತು. ಮನೆಯಲ್ಲಿ ಕುಳಿತು ಹೆಣೆಯುವವಳು ಯಾರ ಕೂಲಿಯೂ ಅಲ್ಲವಾದ್ದರಿಂದ ಆ ಕಾನೂನಿನ ನೆರಳು ಅವಳ ಮೇಲೆ ಬೀಳಲಿಲ್ಲ. 1872ರಲ್ಲಿ ಸರಕಾರದ ವಿಚಾರಣೆ ಶೆಟ್‌ಲೆಂಡಿಗೆ ಬಂದಾಗ ಹೆಣಿಗೆಯ ಹೆಂಗಸರು ಒಬ್ಬರ ಹಿಂದೊಬ್ಬರು ಬಂದು ಸಾಕ್ಷಿ ನುಡಿದರು. ಏನು ಹೆಣೆದೆ, ಎಷ್ಟು ದಿನ ಹಿಡಿಯಿತು, ಏನು ಸಿಕ್ಕಿತು, ಹಣ ಕೇಳಿದೆಯಾ, ಕೇಳಿದರೆ ಏನಂದರು ಎಂದು ಪ್ರಶ್ನೆ. ಅದಕ್ಕೆ ಅವಳ ಉತ್ತರ. ಎಲ್ಲವನ್ನೂ ಅಚ್ಚು ಹಾಕಿದ್ದಾರೆ. ಕೈಹೆಣಿಗೆಯ ದುಡಿಮೆಯನ್ನು ಹೆಣೆದವರ ಬಾಯಿಂದಲೇ ಕೇಳಿ ಬರೆದಿಟ್ಟ ಇಂಥ ದಾಖಲೆಗಳು ವಿರಳ. ನಮ್ಮ ದೃಷ್ಟಿಯಲ್ಲಿ ಹೆಣಿಗೆಯ ಚರಿತ್ರೆಯಲ್ಲಿ ರಾಣಿ ಎಲಿಜಬೆತ್ತಳಿಗಿಂತ ಈ ಸಾಕ್ಷಿಗಳು ದೊಡ್ಡವರು.

ಇದರ ನೆರಳಿನಲ್ಲಿಯೇ ಕ್ರೋಶಾದ ಕಥೆಯನ್ನು ನೋಡಬೇಕು. ಕ್ರೋಶಾ ಎಂದರೆ ಫ್ರೆಂಚ್ ಭಾಷೆಯಲ್ಲಿ ಪುಟ್ಟ ಕೊಕ್ಕೆ. ಎರಡು ಕಡ್ಡಿಯ ಬದಲು ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿ. ವಯಸ್ಸಿನಲ್ಲಿ ಇದು ಹೆಣಿಗೆಗಿಂತ ಬಹಳ ಚಿಕ್ಕದು. ಯೂರೋಪಿನಲ್ಲಿ ಇದರ ಸುದ್ದಿ ಕೇಳಿಬರುವುದೇ 19ನೆಯ ಶತಮಾನದ ಆರಂಭದಿಂದ. 1845ರ ನಂತರ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ಕೊಳೆತು ಜನ ಹಸಿವಿನಿಂದ ಸಾಯತೊಡಗಿದಾಗ, ಕಾರ್ಕಿನ ಕ್ರೈಸ್ತ ಸನ್ಯಾಸಿನಿಯರೂ, ಕ್ಲೋನ್ಸ್ ಎಂಬಲ್ಲಿ ಪಾದ್ರಿಯ ಪತ್ನಿ ಕ್ಯಾಸಂಡ್ರಾ ಹ್ಯಾಂಡ್ ಅವರೂ ಊರ ಹೆಂಗಸರಿಗೆ ಕ್ರೋಶಾ ಕಲಿಸಿ ಮಾರಾಟಕ್ಕೆ ದಾರಿ ಮಾಡಿದರು. ಗುಲಾಬಿ, ಎಲೆ, ದ್ರಾಕ್ಷಿಗೊಂಚಲುಗಳ ಆ ಲೇಸು ಮಾರಿ ಬಂದ ಹಣದಲ್ಲಿ ಎಷ್ಟೋ ಕುಟುಂಬಗಳು ಬದುಕಿಕೊಂಡವು, ಕೆಲವರು ಅಮೆರಿಕಕ್ಕೆ ಹಡಗು ಹತ್ತಿದರು. ಕ್ರೋಶಾ ಅಲ್ಲಿ ಗಂಜಿಯಾಯಿತೆಂದರೆ ಅತಿಶಯವಲ್ಲ.

ಕ್ರೋಶಾದ ಇನ್ನೊಂದು ವಿಶೇಷವನ್ನು ಹೇಳಲೇಬೇಕು. ಹೆಣಿಗೆಗೆ 400 ವರ್ಷಗಳ ಹಿಂದೆಯೇ ಯಂತ್ರ ಬಂತು. ನಿಜವಾದ ಕ್ರೋಶಾ ಹಾಕುವ ಯಂತ್ರ ಇಂದಿಗೂ ಕಾರ್ಖಾನೆಗಳಲ್ಲಿ ಬಳಕೆಗೆ ಬಂದಿಲ್ಲ. ಅಂಗಡಿಯಲ್ಲಿ ನೂರಿನ್ನೂರು ರೂಪಾಯಿಗೆ ಕ್ರೋಶಾದ ಮಗುವಿನ ಟೊಪ್ಪಿಗೆ ಸಿಕ್ಕಿದರೆ, ಅದನ್ನು ಎಲ್ಲಿಯೋ ಒಬ್ಬಳು ಕೈಯಿಂದಲೇ ಹಾಕಿದ್ದಾಳೆಂದು ತಿಳಿಯಬೇಕು. ಅಂಗಡಿಯವನ ಲಾಭ, ಸಾಗಣೆ, ದಾರದ ಬೆಲೆ ಕಳೆದು ಅವಳಿಗೆ ಉಳಿದದ್ದೆಷ್ಟು ಎಂಬ ಲೆಕ್ಕವನ್ನು ವಾಚಕರೇ ಮಾಡಿಕೊಳ್ಳಬಹುದು.

ಈ ಲೆಕ್ಕವನ್ನು ನಮ್ಮ ದೇಶದಲ್ಲಿ ಒಬ್ಬರು ಮಾಡಿಯೇ ನೋಡಿದರು. ಹೈದರಾಬಾದಿನ ನಮ್ಮ ಬಂಧುಗಳಿಗೆ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದ ಹೆಸರು ಗೊತ್ತಿರುತ್ತದೆ. 19ನೆಯ ಶತಮಾನದ ನಡುವಿನಲ್ಲಿ ಪಾದ್ರಿಗಳ ಕುಟುಂಬಗಳ ಮೂಲಕ ಅಲ್ಲಿಗೆ ಬಂದ ಕ್ರೋಶಾ ಲೇಸು ಸುತ್ತಲ ಹಳ್ಳಿಗಳಿಗೆಲ್ಲ ಹಬ್ಬಿ, ಅಲ್ಲಿಯ ಮೇಜುವಸ್ತ್ರ ದಿಂಬಿನ ಚೀಲಗಳು ಯೂರೋಪ್ ಅಮೆರಿಕಗಳಿಗೆ ಹೋಗುತ್ತವೆ. ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ 1982ರಲ್ಲಿ ಇವರ ಬಗ್ಗೆ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಈಕೆ 1960ರ ದಶಕದಲ್ಲಿ ಪುಣೆಯಲ್ಲಿ ಜರ್ಮನ್ ಭಾಷೆ ಕಲಿಸುತ್ತಿದ್ದವರು. ಅವರು ಕಂಡದ್ದು ಹೀಗೆ: ಅಡಿಗೆ, ನೀರು, ಮಕ್ಕಳು ಎಲ್ಲ ಮುಗಿಸಿ ಈ ಹೆಂಗಸರು ದಿನಕ್ಕೆ ಆರೆಂಟು ಗಂಟೆ ಲೇಸು ಹಾಕುತ್ತಿದ್ದರು. ಆದರೂ ಜನಗಣತಿಯಲ್ಲಿ ಅವರು ದುಡಿಯುವವರಲ್ಲ, ಬರಿಯ ಗೃಹಿಣಿಯರು. ವರ್ತಕರು, ಅಧಿಕಾರಿಗಳು, ಅವರ ಗಂಡಂದಿರು, ಅಷ್ಟೇಕೆ ಅನೇಕ ವೇಳೆ ಅವರೂ ಸಹ ಇದನ್ನು ಬಿಡುವಿನ ಕೆಲಸವೆಂದೇ ಕರೆಯುತ್ತಿದ್ದರು. ಹೊಲಕ್ಕೆ ಹೋಗಿ ದುಡಿಯುವ ಹೆಂಗಸಿಗೆ ಕೂಲಿ ಹೆಚ್ಚು, ಮರ್ಯಾದೆ ಕಡಿಮೆ. ಮನೆಯಲ್ಲಿ ಕುಳಿತು ಲೇಸು ಹಾಕುವವಳಿಗೆ ಮರ್ಯಾದೆ ಹೆಚ್ಚು, ಕೂಲಿ ಕಡಿಮೆ. ಬಿಡುವೆಂದು ಕರೆದುಬಿಟ್ಟರೆ ಕೂಲಿ ಎಷ್ಟು ಕೊಟ್ಟರೂ ಅದು ಲಾಭವೇ ಎಂಬ ವ್ಯಾಪಾರದ ಗುಟ್ಟು ಲರ್ವಿಕ್ಕಿನ ವರ್ತಕನಿಗೆ ಹೇಗೋ ನರಸಾಪುರದ ವರ್ತಕನಿಗೂ ಹಾಗೆಯೇ ತಿಳಿದಿತ್ತು.

ಇನ್ನು ಯುದ್ಧದ ಮಾತು. ನಾವು ತೊಡುವ ಉಣ್ಣೆಯ ಉಡುಪುಗಳಿಗೆ ಸೇನಾಪತಿಗಳ ಹೆಸರು ಅಂಟಿಕೊಂಡಿರುವುದು ಕ್ರಿಮಿಯಾ ಯುದ್ಧದಿಂದ. ಮುಂದೆ ಗುಂಡಿಯಿರುವ ಸ್ವೆಟರಿಗೆ "ಕಾರ್ಡಿಗನ್" ಎಂಬ ಹೆಸರು ಬಂದದ್ದು 1854ರಲ್ಲಿ ಬಾಲಕ್ಲಾವಾದಲ್ಲಿ ತನ್ನ ಕುದುರೆಪಡೆಯನ್ನು ಫಿರಂಗಿಯ ಬಾಯಿಗೆ ನಡೆಸಿದ ಕಾರ್ಡಿಗನ್ ಪ್ರಭುವಿನಿಂದ. ಕುತ್ತಿಗೆಯಿಂದ ಕಂಕುಳಿಗೆ ಓರೆಯಾಗಿ ಇಳಿಯುವ ತೋಳಿಗೆ "ರ್‍ಯಾಗ್ಲನ್" ಎಂಬ ಹೆಸರು ವಾಟರ್ಲೂನಲ್ಲಿ ಒಂದು ಕೈ ಕಳೆದುಕೊಂಡಿದ್ದ ಅವನ ಸೇನಾಧಿಪತಿಯದು. ಮೂಗು ಕಣ್ಣು ಬಿಟ್ಟು ತಲೆಯೆಲ್ಲ ಮುಚ್ಚುವ ಟೊಪ್ಪಿಗೆಗೆ ರಣಭೂಮಿಯ ಹೆಸರೇ ಬಂತು; ನಮ್ಮ ದೇಶದಲ್ಲಿ ಮಾತ್ರ ಜನ ಯಾವ ದಾಕ್ಷಿಣ್ಯವೂ ಇಲ್ಲದೆ ಅದನ್ನು "ಮಂಕಿ ಕ್ಯಾಪ್" ಎಂದು ಕರೆದರು. ಈ ನಾಮಕರಣ ನಮಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ. 1900ರಲ್ಲಿ, ಬೋಅರ್ ಯುದ್ಧದ ಕಾಲದಲ್ಲಿ, ಮುದುಕಿ ವಿಕ್ಟೋರಿಯಾ ರಾಣಿ ತನ್ನ ಕೈಯಾರೆ 8 ಮಫ್ಲರುಗಳಿಗೆ ಕ್ರೋಶಾ ಹಾಕಿ ಶೂರ ಸೈನಿಕರಿಗೆ ಕಳುಹಿಸಿದಳು. ಆ ಎಂಟೂ ಮಫ್ಲರು ಯಾರಿಗೆ ಸೇರಿದವೆಂಬ ಪಟ್ಟಿಯನ್ನು ಚರಿತ್ರೆ ಜೋಪಾನವಾಗಿ ಇಟ್ಟಿದೆ. 1914ರಲ್ಲಿ ಮೇರಿ ರಾಣಿ ಸೈನಿಕರಿಗೆ 3,00,000 ಜೊತೆ ಕಾಲುಚೀಲ ಬೇಕೆಂದು ಕರೆಕೊಟ್ಟಾಗ ಅವನ್ನು ಹೆಣೆದವರ ಪಟ್ಟಿಯನ್ನು ಯಾರೂ ಇಡಲಿಲ್ಲ.

ಅದೇ 1914ರ ಚಳಿಗಾಲದಲ್ಲಿ ಲಾಹೋರ್ ಮತ್ತು ಮೀರತ್ ಡಿವಿಜನ್ನುಗಳ ಭಾರತೀಯ ಸಿಪಾಯಿಗಳು ಫ್ರಾನ್ಸಿನ ಕೆಸರು ಕಂದಕಗಳಲ್ಲಿ ನಿಂತಿದ್ದರು. ಮಾರ್ಸೇಲ್ಸ್ ಬಂದರಿನಲ್ಲಿ ಇಳಿದಾಗ ಎಷ್ಟೋ ಜನರ ಮೈಮೇಲೆ ಇದ್ದದ್ದು ತೆಳು ಉಡುಪು. ಅವರಿಗಾಗಿ ಲಂಡನ್ನಿನಲ್ಲಿ ಒಂದು ನಿಧಿ ಏರ್ಪಟ್ಟು ಕಾಲುಚೀಲ, ಕೈಗವಸು, ಮಫ್ಲರುಗಳ ಮೂಟೆಗಳು ಹೋದವು. ಸುಮಾರು ಅರ್ಧ ಶತಮಾನದ ಬಳಿಕ, 1962ರ ಅಕ್ಟೋಬರ್ ನವೆಂಬರಿನಲ್ಲಿ, ಹಿಮಾಲಯದ ನೆತ್ತಿಯ ಮೇಲೆ ನಮ್ಮ ಜವಾನರು ಹತ್ತಿಯ ಸಮವಸ್ತ್ರ, ಕ್ಯಾನ್ವಾಸ್ ಬೂಟುಗಳಲ್ಲಿ ಚೀನೀಯರನ್ನು ಎದುರಿಸಬೇಕಾಯಿತು. ಆಗ ದೇಶದ ಹೆಂಗಸರು ಬಳೆ ಬಿಚ್ಚಿ ಕೊಟ್ಟದ್ದು ಎಲ್ಲರಿಗೂ ನೆನಪಿದೆ. ಕಡ್ಡಿ ಹಿಡಿದು ಕುಳಿತದ್ದೂ ಅಷ್ಟೇ ನಿಜ. ಹಿಮದ ಮುಖವನ್ನೇ ಕಾಣದ ಊರುಗಳಲ್ಲಿಯೂ ಆ ಚಳಿಗಾಲ ಖಾಕಿ ಬಣ್ಣದ ಉಣ್ಣೆಯ ಉಂಡೆಗಳು ಉರುಳಾಡಿದವು. ಬಳೆಗಳನ್ನು ತೂಗಿದರು. ಕುಣಿಕೆಗಳನ್ನು ಎಣಿಸುವ ತಕ್ಕಡಿ ಎಲ್ಲಿದೆ?

ದಕ್ಷಿಣದವರಾದ ನಮ್ಮ ಮನೆಗಳಿಗೆ ಹೆಣಿಗೆ ಬಂದದ್ದು ಎರಡು ದಾರಿಗಳಿಂದ. ಒಂದು ಮಿಷನ್ ಶಾಲೆಗಳ ಸೂಜಿಗೆಲಸದ ತರಗತಿ. ಇದರಿಂದ ಕ್ರೋಶಾದ ಬಾಗಿಲುತೋರಣ, ರೇಡಿಯೋ ಹೊದಿಕೆ, ತಟ್ಟೆಯ ಮುಚ್ಚಳಗಳು ಬಂದವು. ಎರಡನೆಯದು ನೌಕರಿಯ ರೈಲು. ಸ್ವಾತಂತ್ರ್ಯದ ಮುಂಚೆ ಹಿಂಚೆ ದಿಲ್ಲಿಯ ಸರಕಾರಿ ಕಚೇರಿಗಳಿಗೆ ಬಂದ ಗುಮಾಸ್ತರ ಹೆಂಡಂದಿರಿಗೆ ಮೊದಲ ಡಿಸೆಂಬರ್ ದೊಡ್ಡ ಪಾಠ. 1947ರ ನಂತರ ನೆರೆಯಲ್ಲಿ ನೆಲೆಸಿದ ಪಂಜಾಬಿನ ನಿರಾಶ್ರಿತ ಹೆಂಗಸರು ಕಳೆದುಕೊಂಡದ್ದೆಲ್ಲದರ ನಡುವೆಯೂ ಈ ಒಂದು ವಿದ್ಯೆಯನ್ನು ಉಳಿಸಿಕೊಂಡು ಬಂದಿದ್ದರು. ಅಂಗಳದ ಬಿಸಿಲಿನಲ್ಲಿ ಕುಳಿತು, ಭಾಷೆ ಬಾರದ ನಮ್ಮವರಿಗೆ ಕೈಹಿಡಿದು ಕಲಿಸಿದರು. ಹಿಂದಿ ಕಲಿಯುವ ಮೊದಲೇ ಹೆಣಿಗೆ ಕಲಿತ ಕನ್ನಡತಿಯರು ದಿಲ್ಲಿಯಲ್ಲಿ ಎಷ್ಟೋ ಮಂದಿ. ಕಾನಪುರದ ಲಾಲ್ ಇಮ್ಲಿ, ಪಂಜಾಬಿನ ಧಾರೀವಾಲ್ ಗಿರಣಿಗಳ ಉಣ್ಣೆಯನ್ನು ಆಗ ಔನ್ಸಿನ ಲೆಕ್ಕದಲ್ಲಿ ಕೊಳ್ಳುತ್ತಿದ್ದರು. ಮಗು ಬೆಳೆದು ಸ್ವೆಟರ್ ಗಿಡ್ಡವಾದರೆ ಬಿಚ್ಚಿ, ಕುರ್ಚಿಯ ಬೆನ್ನಿಗೆ ಲಡಿ ಸುತ್ತಿ, ಹಬೆಗೆ ಹಿಡಿದು ಸುಕ್ಕು ತೆಗೆದು, ಬೇರೆ ಬಣ್ಣದ ಪಟ್ಟೆ ಸೇರಿಸಿ ತಮ್ಮನಿಗೆ ಹೊಸದು ಮಾಡುತ್ತಿದ್ದರು. ಒಂದೇ ಎಳೆಯ ಬಟ್ಟೆಯಾದ್ದರಿಂದ ಇದು ಸಾಧ್ಯ. ಬೇರೆ ಯಾವ ಬಟ್ಟೆಗೂ ಇಂಥ ಪುನರ್ಜನ್ಮವಿಲ್ಲ. ಮುಂದೆ ಜಪಾನಿನ ಕ್ಯಾಶ್ಮಿಲಾನ್ ಬಂದು, ತೊಳೆದರೆ ಕುಗ್ಗದ, ನುಸಿ ತಿನ್ನದ ಬಣ್ಣಬಣ್ಣದ ದಾರ ಮನೆಮನೆ ಹೊಕ್ಕಿತು. ಅದರಲ್ಲಿ ಕುರಿಯ ಒಂದು ಕೂದಲೂ ಇಲ್ಲ, ಎಲ್ಲ ರಾಸಾಯನಿಕದ ಮಹಿಮೆ. ನಾವು ಅದನ್ನೂ ಉಲ್ಲನ್ ಎಂದೇ ಕರೆದೆವು.

ಈಗ ಸ್ವೆಟರೆಂದರೆ ಲೂಧಿಯಾನ. 19ನೆಯ ಶತಮಾನದಲ್ಲಿ ಬರಗಾಲಕ್ಕೆ ಬೆದರಿ ಕಾಶ್ಮೀರದಿಂದ ಇಳಿದುಬಂದ ಶಾಲು ನೇಕಾರರಿಂದ ಅಲ್ಲಿ ಉಣ್ಣೆಯ ಕಸುಬು ಬೇರೂರಿ, ಕೈಯಿಂದ ಎಳೆಯುವ ಹೆಣಿಗೆ ಯಂತ್ರಗಳು ಬಂದು, ಯುದ್ಧಕಾಲದ ಸೈನ್ಯದ ಬೇಡಿಕೆಯಿಂದ ಬೆಳೆದು ಇಂದು ದೇಶದ ಹೆಣಿಗೆ ಉಡುಪಿನ ರಾಜಧಾನಿಯಾಗಿದೆ. ಲೂಧಿಯಾನದ ಈ ಸ್ವೆಟರಿಗೂ ನಮ್ಮ ಕರ್ನಾಟಕಕ್ಕೂ ಒಂದು ನಂಟಿದೆ. ಅದು ಟಿಬೆಟ್ಟಿನ ಮೂಲಕ ಬಂದದ್ದು.

1959ರಲ್ಲಿ ದಲೈ ಲಾಮಾ ಅವರ ಹಿಂದೆ ಹಿಮಾಲಯ ದಾಟಿ ಬಂದ ಟಿಬೆಟನ್ನರಿಗೆ ಅಂದಿನ ಮೈಸೂರು ರಾಜ್ಯ ಭೂಮಿ ಕೊಟ್ಟಿತು. 1960ರಲ್ಲಿ ಬೈಲಕುಪ್ಪೆ, 1966ರಲ್ಲಿ ಮುಂಡಗೋಡು, 1970ರ ದಶಕದಲ್ಲಿ ಹುಣಸೂರಿನ ಗುರುಪುರ ಮತ್ತು ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯ. ಹಿಮದ ನಾಡಿನವರು ನಮ್ಮ ಸೆಕೆಯಲ್ಲಿ ಕಾಡು ಕಡಿದು, ಆನೆಗಳ ಕಾಟ ಸಹಿಸಿ ಮೆಕ್ಕೆಜೋಳ ಬೆಳೆದರು. ಮಳೆಯನ್ನು ನಂಬಿದ ಒಂದು ಬೆಳೆ ವರ್ಷವಿಡೀ ಹೊಟ್ಟೆ ಹೊರೆಯದು. ಅವರ ಹೆಂಗಸರ ಬಳಿ ಇದ್ದ ಇನ್ನೊಂದು ಬಂಡವಾಳ ಉಣ್ಣೆಯ ಜ್ಞಾನ. ದೇಶದ ಊರೂರುಗಳಲ್ಲಿ, ಬೀದಿಯ ಬದಿಗೆ ಚಾಪೆ ಹಾಸಿ ಕುಳಿತು, ಗಿರಾಕಿ ಬರುವವರೆಗೂ ಹೆಣೆಯುತ್ತಾ, ಹೆಣೆದದ್ದನ್ನು ಅಲ್ಲಿಯೇ ಮಾರುತ್ತಾ ಈ ವ್ಯಾಪಾರ ಮೊದಲಾಯಿತು. ಬೇಡಿಕೆ ಬೆಳೆದಂತೆ ಕೈ ಸಾಲದೆ ಲೂಧಿಯಾನದ ಯಂತ್ರದ ಮಾಲು ತರತೊಡಗಿದರು. ಗಿರಣಿಯವರು ಅವರ ಮಾತಿನ ಮೇಲೆ ನಂಬಿಕೆಯಿಟ್ಟು ಲಕ್ಷಾಂತರ ರೂಪಾಯಿಯ ಸರಕನ್ನು ಸಾಲ ಕೊಡುತ್ತಾರೆ. ಋತು ಮುಗಿದ ಮೇಲೆ ಬಾಕಿ ಚುಕ್ತಾ. ಇಲ್ಲಿ ನಾವು ಗಮನಿಸಬೇಕಾದದ್ದೊಂದಿದೆ. ಹೆಣೆಯುವವರಾಗಿ ಬೀದಿಗೆ ಬಂದ ಈ ಹೆಂಗಸರು ಶೆಟ್‌ಲೆಂಡಿನ, ನರಸಾಪುರದ ಸೋದರಿಯರಂತೆ ವರ್ತಕನ ಕೈಗೆ ಸಿಗಲಿಲ್ಲ, ತಾವೇ ವರ್ತಕರಾದರು. ಬೆಲೆ ಹೇಳುವವಳು ಅವಳೇ, ಹಣ ಎಣಿಸಿಕೊಳ್ಳುವವಳು ಅವಳೇ.

ಅಕ್ಟೋಬರ್ ಬಂತೆಂದರೆ ಬೈಲಕುಪ್ಪೆ ಮುಂಡಗೋಡುಗಳ ಅನೇಕ ಮನೆಗಳಿಗೆ ಬೀಗ ಬೀಳುತ್ತದೆ. ಮುದುಕರು, ಶಾಲೆಯ ಮಕ್ಕಳು, ಮಠದ ಭಿಕ್ಷುಗಳು ಉಳಿಯುತ್ತಾರೆ. ಉಳಿದವರು ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರು, ಇನ್ನೂ ಎಷ್ಟೋ ಊರುಗಳ ಟಿಬೆಟನ್ ಮಾರುಕಟ್ಟೆಗಳಲ್ಲಿ. 2020ರಲ್ಲಿ ಕೋವಿಡ್ ಕಾರಣದಿಂದ ಅನೇಕ ಕಡೆ ಈ ಮಾರುಕಟ್ಟೆಗಳು ತೆರೆಯದೆ ಆ ವರ್ಷದ ನಗದು ಆದಾಯವೇ ಎಷ್ಟೋ ಕುಟುಂಬಗಳಿಗೆ ತಪ್ಪಿಹೋಯಿತು. ಮುಂಬಯಿಯ ಕಾಲುದಾರಿಯಲ್ಲಿ ಮರಾಠಿ ಹಿಂದಿಗಳನ್ನು ಬೆರೆಸಿ ಚೌಕಾಸಿ ಮಾಡುತ್ತಿರುವ ನಮ್ಮವರು, ಒಮ್ಮೆ ಆ ಅಂಗಡಿಯಾಕೆಯನ್ನು ಯಾವ ಊರೆಂದು ಕೇಳಿ ನೋಡಬೇಕು. "ಮುಂಡಗೋಡ್ರೀ" ಎಂಬ ಉತ್ತರ ಬಂದರೆ ಬೆಚ್ಚಬೇಕಾಗಿಲ್ಲ. ಅಲ್ಲಿ ಹುಟ್ಟಿ ಬೆಳೆದವರಲ್ಲಿ ಕನ್ನಡ ಬಲ್ಲವರು ಇದ್ದಾರೆ. ಫೆಬ್ರವರಿಯ ಹೊತ್ತಿಗೆ ಉಳಿದ ಸರಕನ್ನು ಮೂಟೆ ಕಟ್ಟಿ, ಲೂಧಿಯಾನದ ಬಾಕಿ ತೀರಿಸಿ, ಅವರ ಹೊಸ ವರ್ಷವಾದ ಲೋಸರ್ ಹಬ್ಬಕ್ಕೆ ಅವರು ಊರು ಸೇರಬೇಕು. ಮುಂಡಗೋಡಿನವರ ಊರೆಂದರೆ ಈಗ ನಮ್ಮ ಉತ್ತರ ಕನ್ನಡ ಜಿಲ್ಲೆಯೇ.